ಸೆಕ್ರೆಟ್ರಿಯ ಕಾಲೂ ಸಂಘದ ಹಾಲೂ

ಕಳೆದ ತಿಂಗಳು ಅವರ ಬೀಳ್ಕೊಡುಗೆ ಸಮಾರಂಭ ನಡೆಯಿತು. ಸಾತನೂರಿನಿಂದ ಒಳಕ್ಕೆ ಹೋಗುವ ಸರ್ಕಾರಿ ಬಸ್ಸು ಹಿಡಿದು ನಾನೂ ಹೋಗಿದ್ದೆ. ಹಾಲಿನ ಸಂಘದ ಮುಂದೆ ಶಾಮಿಯಾನ, ಶಾಮಿಯಾನದ ತುಂಬ ಕುರ್ಚಿ, ವೇದಿಕೆಯ ತುಂಬ ಭಾಷಣಕಾರರು. ಒಬ್ಬರು ಅವರನ್ನು ಸರಳಜೀವಿ ಅಂದರು. ಇನ್ನೊಬ್ಬರು, ಇಡೀ ಸೇವಾವಧಿಯಲ್ಲಿ ಒಂದು ದಿನವಾದರೂ ಮೋಟಾರ್ ಸೈಕಲ್ ಹತ್ತಿದವರಲ್ಲ, ಪರಿಸರಪ್ರೇಮಿ ಅಂದರು. ಮೂರನೆಯವರು ಅವರನ್ನು ಯೋಗಿಯ ಪಟ್ಟಕ್ಕೆ ಏರಿಸಿ, ಅಲ್ಲಿಂದ ಇಳಿಸುವುದನ್ನು ಮರೆತು ಕೂತುಬಿಟ್ಟರು. ಅವರು ಮೋಟಾರ್ ಸೈಕಲ್ ಯಾಕೆ ಹತ್ತಲಿಲ್ಲ ಎಂಬುದು ವೇದಿಕೆಯ ಮೇಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೆ ಶಾಲು ಹೊದಿಸುವ ಹೊತ್ತಿನಲ್ಲಿ ನಿಜ ಹೇಳುವ ಪದ್ಧತಿ ನಮ್ಮ ಕಡೆ ಇಲ್ಲ.

ಸಮಾರಂಭ ಮುಗಿದ ಮೇಲೆ ಅವರನ್ನೇ ಕೇಳಿದೆ, ನಾನು ಬರೆಯಲಾ ಎಂದು. "ಬರೀರಿ ಸಾ. ಹೆಸ್ರು ಒಂದು ಬುಟ್ಟು ಇನ್ನೆಲ್ಲಾ ಬರೀರಿ. ಹೆಸ್ರು ಬರದ್ರೆ ನೆಂಟ್ರು ಫೋನ್ ಮಾಡ್ತಾರೆ" ಎಂದರು. ಆದ್ದರಿಂದ ಇಲ್ಲಿ ಅವರು ಬರೀ ಸೆಕ್ರೆಟ್ರಿ. ಊರಿನವರು ಕರೆಯುತ್ತಿದ್ದುದೂ ಹಾಗೆಯೇ.

ನಾನು ಹಾಲು ಒಕ್ಕೂಟದಲ್ಲಿ ವಿಸ್ತರಣಾಧಿಕಾರಿಯಾಗಿದ್ದೆ. ಕನಕಪುರ ತಾಲ್ಲೂಕಿನ ಸಂಘಗಳನ್ನು ಜೀಪಿನಲ್ಲಿ ಸುತ್ತಿ ರೈತರಿಗೆ ಸಲಹೆ ಕೊಡುವುದು ಕೆಲಸ. ಸಲಹೆ ಕೊಡುವವರಿಗೆ ನಮ್ಮ ಜನ ಒಳ್ಳೆಯ ಕಾಫಿ ಕೊಡುತ್ತಾರೆ, ಸಲಹೆಯನ್ನು ಮಾತ್ರ ಲೋಟದ ತಳದಲ್ಲೇ ಬಿಡುತ್ತಾರೆ. ಸೆಕ್ರೆಟ್ರಿಯ ಸಂಘಕ್ಕೆ ಹೋದಾಗ ಮಾತ್ರ ನನಗೆ ಸಲಹೆ ಕೊಡುವ ಕೆಲಸ ಇರುತ್ತಿರಲಿಲ್ಲ, ಕಾಫಿ ಒಂದೇ. ಎತ್ತರದ ಸಣಕಲು ಮನುಷ್ಯ, ಅರ್ಧ ತೋಳಿನ ಬಿಳಿ ಶರಟು. ಕ್ಯಾನಿನ ಮೇಲೆ ಬಗ್ಗಿ, ಕಣ್ಣು ಮುಚ್ಚಿ ಹಾಲನ್ನು ಮೂಸಿ ನೋಡುವರು. ಪಕ್ಕದಲ್ಲೇ ಜಿಡ್ಡು ಅಳೆಯುವ ಯಂತ್ರ ಇದ್ದರೂ ಮೂಗಿನ ತೀರ್ಪು ಮೊದಲು. ಹಾಲಿಗೆ ನೀರು ಬೆರೆಸಿದವರನ್ನು ಅವರು ಎಂದೂ ಬೈದವರಲ್ಲ. "ಅವ್ವಾ, ನಿಮ್ ಹಸ ಇವತ್ತು ಬಾಳ ಬಾಯಾರ್ಕೆ ಆಗಿ ನೀರು ಕುಡದ್ಬುಟ್ಟೈತೆ, ನಾಳೆ ಒಸಿ ಕಮ್ಮಿ ಕುಡ್ಸಿ" ಎನ್ನುವರು. ಸಾಲಿನಲ್ಲಿದ್ದವರೆಲ್ಲ ನಗುವರು. ಮಾರನೆಯ ದಿನ ಆ ಹಸುವಿನ ಬಾಯಾರಿಕೆ ತಾನಾಗಿ ಕಡಿಮೆಯಾಗಿರುತ್ತಿತ್ತು.

ಅವರ ನಡವಳಿಕೆಯ ಬಗ್ಗೆ ಊರಿಗೆ ಭಾರಿ ಗೌರವ. ಬೈಕ್ ಹತ್ತುವುದಿಲ್ಲ, ಎಲ್ಲಿಗೆ ಹೋದರೂ ನಡಿಗೆ ಇಲ್ಲವೇ ಬಸ್ಸು. ಹನಿ ಹೆಂಡ ಮುಟ್ಟುವುದಿಲ್ಲ. ನಾಟಕ, ಭಜನೆ ಏನಿದ್ದರೂ ಮಂಗಳಾರತಿಗೆ ಕಾಯದೆ ಹೊತ್ತಿಗೆ ಸರಿಯಾಗಿ ಎದ್ದು ಹೋಗಿ ಮಲಗುವರು. ಕೆರೆಯಲ್ಲಿ ಈಜುವುದಿಲ್ಲ. ಮರ ಹತ್ತುವುದಿಲ್ಲ. ಸಂಘದ ಛಾವಣಿ ಸೋರಿದಾಗ ಏಣಿ ಹತ್ತಿ ನೋಡಿ ಎಂದರೆ, "ನಾನ್ ಯಾಕ್ ಮ್ಯಾಲ್ ಹತ್ಬೇಕು, ನೆಲದ್ ಮ್ಯಾಲ್ ಇರೋನು ನಾನು" ಎಂದಿದ್ದರು. ಇದನ್ನು ಅಧ್ಯಕ್ಷರು ವಿನಯದ ಪರಮಾವಧಿ ಎಂದು ತಿಳಿದು ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಮಕ್ಕಳಿಗೆ ಹೇಳಿದರು. ನಿರ್ದೇಶಕರೊಬ್ಬರು ಇವರಿಂದ ಸ್ಫೂರ್ತಿ ಪಡೆದು ತಮ್ಮ ಬೈಕನ್ನೇ ಮಾರಿ ನಡೆಯಲು ಶುರು ಮಾಡಿದ್ದರು.

ಊರಿಗೆ ಅರ್ಥವಾಗದ ವಿಷಯ ಒಂದೇ ಇತ್ತು. ಕೆಲವು ತಿಂಗಳಿಗೊಮ್ಮೆ ಅವರು "ಒಕ್ಕೂಟದ ಮೀಟಿಂಗ್" ಎಂದು ಬೆಂಗಳೂರಿಗೆ ಹೋಗುತ್ತಿದ್ದರು. "ಏನ್ ಸಾರ್, ನಿಮ್ ಮೀಟಿಂಗ್ ಬಾಳ ಆಯ್ತವೆ" ಎಂದು ಅಧ್ಯಕ್ಷರು ಒಮ್ಮೆ ನನ್ನನ್ನು ಕೇಳಿದರು. ಅಂಥ ಮೀಟಿಂಗ್ ಯಾವುದೂ ಇರಲಿಲ್ಲ. ನಾನು ಹೂಂ ಅಂದೆ. ನಮ್ಮ ಕಚೇರಿಯಲ್ಲಿ ಈ ಬಗ್ಗೆ ಎರಡು ಪಂಗಡವಿತ್ತು. ಅವರು ಬೆಂಗಳೂರಿನ ಕಡೆ ಸೈಟು ಮಾಡಿದ್ದಾರೆ ಎನ್ನುವುದು ಒಂದು ಪಂಗಡ, ಸಂಸಾರವನ್ನೇ ಮಾಡಿದ್ದಾರೆ ಎನ್ನುವುದು ಇನ್ನೊಂದು. ಕಾಯಿಲೆ ಇರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಅಷ್ಟು ಸಾಧಾರಣವಾದ ಕಾರಣಕ್ಕೆ ಮನುಷ್ಯ ಸುಳ್ಳು ಹೇಳುತ್ತಾನೆಂದು ಯಾರು ನಂಬುತ್ತಾರೆ?

ಒಂದು ದಿನ ಬೆಳಿಗ್ಗೆ, ಇನ್ನೂ ಯಾರೂ ಹಾಲು ತಂದಿರದ ಹೊತ್ತಿನಲ್ಲಿ, ಅವರು ಸಂಘದೊಳಗೆ ಬಿದ್ದು ಬಲಗಾಲಿನ ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡರು. "ಹಾಲ್ ಚೆಲ್ಲಿತ್ತು, ಜಾರ್ದೆ" ಎಂದರು. ಕನಕಪುರದ ಮೂಳೆ ಡಾಕ್ಟರು ಪ್ಲಾಸ್ಟರ್ ಹಾಕಿ, ಬೇರೆ ಏನಾದರೂ ಕಾಯಿಲೆ ಇದೆಯೇ, ದಿನಾ ಯಾವುದಾದರೂ ಮಾತ್ರೆ ತಗೊಳ್ಳುತ್ತೀರಾ ಎಂದು ಕೇಳಿದರು. ಸೆಕ್ರೆಟ್ರಿ ಇಲ್ಲ ಎಂದರು. ಪಕ್ಕದಲ್ಲಿ ನಿಂತಿದ್ದ ಹೆಂಡತಿ ಸೀರೆಯ ಸೆರಗನ್ನು ನೋಡಿಕೊಂಡರು.

ರಜೆ ಹಾಕುವ ಮನುಷ್ಯ ಅಲ್ಲ. ಕೆಲವೇ ದಿನದಲ್ಲಿ ಸಂಘಕ್ಕೆ ಬಂದು, ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕುರ್ಚಿಯಲ್ಲಿ ಕೂತರು. ತಪ್ಪಾದದ್ದು ಅಲ್ಲೇ. ಅವರ ತಲೆಯ ಮೇಲಿನ ಗೋಡೆಯಲ್ಲಿ, ಅವರೇ ನಿಂತು ಬರೆಸಿದ ದೊಡ್ಡ ನೀಲಿ ಅಕ್ಷರ: "ದಿನವೂ ಹಾಲು ಕುಡಿಯಿರಿ, ಮೂಳೆ ಗಟ್ಟಿ ಮಾಡಿಕೊಳ್ಳಿ." ಅದರ ಕೆಳಗೆ ಮುರಿದ ಕಾಲು. ಊರು ದಿನಕ್ಕೆ ಎರಡು ಸಲ ಹಾಲು ಹಾಕಲು ಬಂದು, ಎರಡು ಸಲವೂ ಗೋಡೆಯನ್ನು ಓದಿ ಕಾಲನ್ನು ನೋಡಿ ಹೋಗುತ್ತಿತ್ತು.

ಮೊದಮೊದಲು ಎಲ್ಲರಿಗೂ ಕನಿಕರ. ಕಾಲು ಸೂಪು ಬಂತು, ನಾಟಿಕೋಳಿ ಸಾರು ಬಂತು. ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಿಂಡಿಯ ದರದ ಜಾಗವನ್ನು ಮೂಳೆ ಕೂಡಿಸುವ ಮನೆಮದ್ದುಗಳು ಹಿಡಿದವು. ಕರು ಹಾಕಿ ನೆಲ ಹಿಡಿದ ಹಸುವಿಗೆ ವೆಟರ್ನರಿಯವರು ಬಾಟಲಿ ಕ್ಯಾಲ್ಸಿಯಂ ಏರಿಸಿದರೆ ಅದು ಎದ್ದು ನಿಲ್ಲುವುದನ್ನು ಎಲ್ಲರೂ ಕಂಡವರೇ. ಆದ್ದರಿಂದ ಒಬ್ಬ, "ಅದೇ ಬಾಟ್ಲು ಒಂದ್ ಹಾಕ್ಸಿ ನೋಡಿ ಸೆಕ್ರೆಟ್ರಿ, ನಾಕೇ ಗಂಟೆ, ಎದ್ದು ಮೇಯಕ್ಕೋಯ್ತೀರಿ" ಎಂದ.

ಆದರೆ ಮೂಳೆ ಕೂಡಲಿಲ್ಲ. ಪ್ಲಾಸ್ಟರ್ ತೆಗೆದು ಎಕ್ಸ್‌ರೇ ನೋಡಿ ಮತ್ತೆ ಪ್ಲಾಸ್ಟರ್ ಹಾಕಿದರು. ಇನ್ನೂ ಕೆಲವು ವಾರ ಕಳೆದು ಇನ್ನೊಂದು ಎಕ್ಸ್‌ರೇ. ಬಿರುಕು ಇದ್ದ ಹಾಗೆಯೇ ಇತ್ತು. ಡಾಕ್ಟರು, ಬೀಡಿ ಸೇದುತ್ತೀರಾ, ಸಕ್ಕರೆ ಕಾಯಿಲೆ ಇದೆಯಾ ಎಂದು ಮತ್ತೆ ಮತ್ತೆ ಕೇಳಿ, ಕೊನೆಗೆ ತಮ್ಮ ಕೈಗುಣದ ಮೇಲೇ ಅನುಮಾನ ಪಡುವ ಹಂತಕ್ಕೆ ಬಂದರು. ಅಷ್ಟರಲ್ಲಿ ಊರಿನ ಕನಿಕರ ಹಳಸಿ ಸಂಶಯವಾಗಿತ್ತು. ಮುದ್ದೆ ತಿನ್ನುವ, ದಿನಾ ಹಾಲು ಕುಡಿಯುವ ಮನುಷ್ಯನ ಮೂಳೆ ಕೂಡುವುದಿಲ್ಲ ಎಂದರೆ ದೋಷ ಎಲ್ಲಿರಬೇಕು? ಮುದ್ದೆಯನ್ನು ಅನುಮಾನಿಸುವುದು ನಮ್ಮ ಸೀಮೆಯಲ್ಲಿ ಸಾಧ್ಯವಿಲ್ಲ. ಉಳಿದದ್ದು ಹಾಲು.

ಈ ಸಂದರ್ಭಕ್ಕೇ ಕಾಯುತ್ತಿದ್ದವನು ಒಬ್ಬನಿದ್ದ. ಖಾಸಗಿ ಡೈರಿಯೊಂದಕ್ಕೆ ಹಾಲು ಎತ್ತುವ ಏಜೆಂಟ. ಅವನ ಗೂಡ್ಸ್ ಆಟೋ ದಿನಾ ಸಂಘದ ಎದುರಿನ ಹುಣಸೆ ಮರದಡಿ ನಿಲ್ಲುತ್ತಿತ್ತು, ಹಾಲು ಹಾಕುವವರು ಮಾತ್ರ ಕಮ್ಮಿ. ಈಗ ಅವನು ಸಾಲಿನಲ್ಲಿ ನಿಂತವರ ಹತ್ತಿರ ಹೋಗಿ ಮೆತ್ತಗೆ ಹೇಳತೊಡಗಿದ: "ನಾನೇನೂ ಯೋಳಕಿಲ್ಲ ಕಣಣ್ಣ. ಸೆಕ್ರೆಟ್ರಿ ಕಾಲ್ ನೋಡು, ಅದೇ ಯೋಳ್ತದೆ." ಕಾಲು ಬಹಳ ಚೆನ್ನಾಗಿ ಮಾತಾಡಿತು. ಒಬ್ಬೊಬ್ಬರೇ ಮರದಡಿಗೆ ಸರಿದರು. ಸಂಘದ ಹಾಲು ಇಳಿಯುತ್ತ ಹೋಯಿತು. ಇನ್ನೂ ಇಳಿದರೆ ಟ್ಯಾಂಕರ್ ಆ ದಾರಿಗೆ ಬರುವುದನ್ನೇ ನಿಲ್ಲಿಸಬೇಕಾಗುತ್ತದೆ ಎಂದು ನನ್ನ ಮೇಲಿನವರು ಹೇಳಿದರು. ಆ ಮಾತನ್ನು ಸೆಕ್ರೆಟ್ರಿಗೆ ಮುಟ್ಟಿಸಿದವನು ನಾನೇ. ಅವರು ಗೋಡೆಯ ಕಡೆ ತಿರುಗಿ ಕೂತರು.

ಅದೇ ತಿಂಗಳು ಅವರ "ಮೀಟಿಂಗ್" ಬಂತು. ಊರುಗೋಲು ಹಿಡಿದುಕೊಂಡೇ ಬೆಂಗಳೂರಿಗೆ ಹೋದರು. ಅಲ್ಲಿ ನಡೆದದ್ದನ್ನು ಅವರು ನನಗೆ ಹೇಳಿದ್ದು ಆಮೇಲೆ. ಅವರಿಗೆ ಹೈಸ್ಕೂಲಿನ ದಿನಗಳಿಂದಲೂ ಮೂರ್ಛೆ ರೋಗ ಇತ್ತು. ಜನ ಫಿಟ್ಸ್ ಅನ್ನುತ್ತಾರಲ್ಲ, ಅದು. ಬೆಂಗಳೂರಿನ ಒಂದು ಆಸ್ಪತ್ರೆಯ ಮಾತ್ರೆಯನ್ನು ಆಗಿನಿಂದ ಎರಡೂ ಹೊತ್ತು ನುಂಗುತ್ತಿದ್ದರು. ಮನೆಯಲ್ಲಿ ಅದನ್ನು ಹಸುವಿನ ಖನಿಜ ಮಿಶ್ರಣದ ಖಾಲಿ ಡಬ್ಬಿಯಲ್ಲಿ ಇಟ್ಟಿದ್ದರು, ಬಂದವರು ಯಾರೂ ತೆರೆಯಬಾರದೆಂದು. ಬೈಕ್ ಓಡಿಸಬೇಡಿ, ಕುಡಿಯಬೇಡಿ, ನಿದ್ದೆಗೆಡಬೇಡಿ, ನೀರಿಗೆ ಇಳಿಯಬೇಡಿ, ಎತ್ತರ ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದ್ದರು. ಊರು ಅದನ್ನೆಲ್ಲ ಎತ್ತಿಕೊಂಡು ಅವರನ್ನು ಸಂತನನ್ನಾಗಿ ಮಾಡಿತ್ತು.

ಅಂದು ಅಲ್ಲಿದ್ದ ಲೇಡಿ ಡಾಕ್ಟರು ಪ್ಲಾಸ್ಟರ್ ನೋಡಿ, ಎಷ್ಟು ದಿನವಾಯಿತು, ಇನ್ನೂ ಯಾಕೆ ಕೂಡಿಲ್ಲ, ಈ ಮಾತ್ರೆಯ ವಿಷಯ ಮೂಳೆ ಡಾಕ್ಟರಿಗೆ ಹೇಳಿದ್ದೀರಾ ಎಂದು ಕೇಳಿದರಂತೆ. ಇಂಥ ಮಾತ್ರೆಗಳಲ್ಲಿ ಕೆಲವನ್ನು ವರ್ಷಗಟ್ಟಲೆ ತಗೊಂಡರೆ ಮೈಯಲ್ಲಿ ಡಿ ವಿಟಮಿನ್ ಕಡಿಮೆಯಾಗಿ ಮೂಳೆ ಸವೆಯಬಹುದು, ರಕ್ತ ಪರೀಕ್ಷೆ ಮಾಡಿಸಿ, ಮೂಳೆಯ ಸಾಂದ್ರತೆ ನೋಡಿಸಿ, ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ ಎಂದು ಬಿಡಿಸಿ ಹೇಳಿದರು. ಸೆಕ್ರೆಟ್ರಿಗೆ ಕೇಳಿಸಿದ್ದು ಮೊದಲ ಅರ್ಧ. ಮಾತ್ರೆ ಮೂಳೆಯ ಶತ್ರು ಎಂಬುದನ್ನು ಹೊತ್ತುಕೊಂಡು ಬಸ್ಸು ಹತ್ತಿದರು. ಮನೆಗೆ ಬಂದವರೇ ಮಾತ್ರೆ ನಿಲ್ಲಿಸಿದರು. ಮಾತ್ರೆ ಬಿಟ್ಟರೆ ಮೂಳೆ ಕೂಡುತ್ತದೆ, ಮೂಳೆ ಕೂಡಿದರೆ ಹಾಲಿನ ಮಾನ ಉಳಿಯುತ್ತದೆ, ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂಬ ಲೆಕ್ಕಾಚಾರ. ಹಾಲಿನ ಲೆಕ್ಕದಲ್ಲಿ ಒಂದು ಪೈಸೆ ತಪ್ಪದ ಮನುಷ್ಯ ಇಲ್ಲಿ ಪೂರ್ತಿ ತಪ್ಪಿದರು. ವಾರ ತುಂಬುವ ಮೊದಲೇ ಮನೆಯ ಹಜಾರದಲ್ಲಿ ಫಿಟ್ಸ್ ಬಂದು ಬಿದ್ದು, ಎಡಗೈ ಮಣಿಕಟ್ಟು ಮುರಿದುಕೊಂಡರು.

ಊರಿಗೆ "ಬಚ್ಚಲಲ್ಲಿ ಜಾರಿದ್ರು" ಎಂದು ಹೇಳಲಾಯಿತು. ಅವರ ಮನೆಯ ಬಚ್ಚಲು ಒಂದೇ ದಿನದಲ್ಲಿ ಪ್ರಸಿದ್ಧವಾಯಿತು. ಇಬ್ಬರು ಹೋಗಿ ನೆಲವನ್ನು ಮುಟ್ಟಿ ನೋಡಿ, ಅಂಥ ನುಣುಪೇನೂ ಇಲ್ಲ ಎಂದು ವರದಿ ಮಾಡಿದರು. ಏಜೆಂಟನಿಗಂತೂ ಈಗ ಮಾತನಾಡುವ ಅಗತ್ಯವೇ ಉಳಿಯಲಿಲ್ಲ.

ಮಾರನೆಯ ದಿನ ನಾನು ಜೀಪಿನಲ್ಲಿ ಅವರನ್ನೂ ಅವರ ಹೆಂಡತಿಯನ್ನೂ ಕನಕಪುರಕ್ಕೆ ಕರೆದುಕೊಂಡು ಹೋದೆ. ದಾರಿಯಲ್ಲಿ ರೇಷ್ಮೆ ಸೊಪ್ಪಿನ ತೋಟಗಳು ಮುಗಿದವು. ಆಮೇಲೆ ಅವರೇ ಎಲ್ಲ ಹೇಳಿದರು, ಮೊದಲು ಸಂಘದಲ್ಲಿ ಬಿದ್ದದ್ದೂ ಫಿಟ್ಸ್ ಬಂದೇ ಎಂದು. ಆಗ ಹಿಂದೆ ಕೂತಿದ್ದ ಹೆಂಡತಿ, "ಮಗ್ಳು ಮದ್ವೆ ಮುಗಿಯೋಗಂಟ ಬಾಯ್ ಬುಡಬ್ಯಾಡಿ ಅಂತ ನಾನೇ ಯೋಳಿದ್ದು ಸಾ" ಎಂದರು. ಮಗಳು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಳು. ಚನ್ನಪಟ್ಟಣದ ಕಡೆಯ ಒಂದು ಸಂಬಂಧ ಮಾತಾಗಿ, ಜಾತಕ ಕೂಡಿ, ಇನ್ನೇನು ವೀಳ್ಯಶಾಸ್ತ್ರ ಎನ್ನುವಲ್ಲಿಗೆ ಬಂದಿತ್ತು. "ಅಪ್ಪಂಗೆ ಫಿಟ್ಸ್ ಅಂದ್ರೆ ಮಗ್ಳುನ್ನ ಯಾರ್ ಮಾಡ್ಕತಾರೆ" ಎಂದು ಹೇಳಿ ಆಕೆ ಕಿಟಕಿಯ ಆಚೆ ನೋಡತೊಡಗಿದರು. ಸೆಕ್ರೆಟ್ರಿ ಮುರಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಕಾಲಾಯ್ತು, ಕೈಯಾಯ್ತು. ಇನ್ ಸೊಂಟ ಮುರ್ಕಂಡು ಮದ್ವೆ ಮಾಡ್ಲಾ?" ಎಂದರು.

ಮೂಳೆ ಡಾಕ್ಟರ ಕೋಣೆಗೆ ಹೋದ ಕೂಡಲೇ, ಅವರು ಕೇಳುವ ಮೊದಲೇ ಸೆಕ್ರೆಟ್ರಿ ಹೇಳಿಬಿಟ್ಟರು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆ ಅಂದುಕೊಂಡೆ. ಬೈದರು, ಆದರೆ ಆ ಮುಖದಲ್ಲಿ ದೊಡ್ಡ ನಿರಾಳ ಕಾಣುತ್ತಿತ್ತು. "ಹಾಗಾದರೆ ನನ್ನ ಪ್ಲಾಸ್ಟರ್ ಸರಿಯಾಗೇ ಇತ್ತು" ಎಂದರು. ಅಂದು ಎಲ್ಲರ ಮೇಲಿನ ಆರೋಪವೂ ಬಿದ್ದುಹೋಯಿತು. ಡಾಕ್ಟರು ನಿರ್ದೋಷಿ, ಹಾಲು ನಿರ್ದೋಷಿ, ಮುದ್ದೆ ಮೊದಲೇ ನಿರ್ದೋಷಿ. ಅಲ್ಲೇ ಬೆಂಗಳೂರಿನ ಡಾಕ್ಟರಿಗೆ ಫೋನ್ ಮಾಡಿ ಇಬ್ಬರೂ ಮಾತಾಡಿದರು. ಮಾತ್ರೆಯನ್ನು ಅಂದಿನಿಂದಲೇ ಮತ್ತೆ ಶುರು ಮಾಡಬೇಕು, ಆಮೇಲೆ ಬೆಂಗಳೂರಿನಲ್ಲೇ ನೋಡಿ ನಿಧಾನವಾಗಿ ಬೇರೆ ಮಾತ್ರೆಗೆ ಬದಲಿಸುವುದು. ರಕ್ತ ಪರೀಕ್ಷೆಯಲ್ಲಿ ಡಿ ವಿಟಮಿನ್ ತಳ ಕಂಡಿತ್ತು. ಅದಕ್ಕೆ ಬೇರೆ ಔಷಧಿ ಬಂತು. ಕಾಲಿನ ಮೂಳೆಗೆ ಒಂದು ಸಣ್ಣ ಆಪರೇಷನ್ನನ್ನೂ ಮಾಡಬೇಕಾಯಿತು.

ಆಪರೇಷನ್ನಿಗೆ ಮೊದಲು ಸಂಘದ ವಾರ್ಷಿಕ ಸಭೆ ಬಂತು. ವಾರ್ಷಿಕ ಸಭೆಗೆ ಸಾಮಾನ್ಯವಾಗಿ ಬರುವುದು ನಿರ್ದೇಶಕರು ಮತ್ತು ಉಪ್ಪಿಟ್ಟಿಗಾಗಿ ಬರುವವರು. ಅಂದು ಊರೇ ಬಂದಿತ್ತು. ಏಜೆಂಟನ ಭಾವ ಎದ್ದು ನಿಂತ. ಅವನೂ ಸಂಘದ ಸದಸ್ಯನೇ.

"ನಮ್ ಸಂಗದ ಹಾಲ್ ಕುಡ್ದು ನಮ್ ಸೆಕ್ರೆಟ್ರೀಗೇ ಮೂಳೆ ಕೂಡ್ನಿಲ್ಲ. ಇನ್ ನಮ್ ಮಕ್ಳುಮರಿ ಗತಿ ಏನು ಅಂತ ಅಧ್ಯಕ್ಷರು ಯೋಳ್ಬೇಕು."

ಅಧ್ಯಕ್ಷರು ಸೆಕ್ರೆಟ್ರಿಯ ಕಡೆ ನೋಡಿದರು. ಅಷ್ಟು ವರ್ಷವೂ ಅವರ ಉತ್ತರಗಳನ್ನು ಬರೆದುಕೊಟ್ಟವರು ಸೆಕ್ರೆಟ್ರಿಯೇ. ಸೆಕ್ರೆಟ್ರಿ ಊರುಗೋಲು ಊರಿ ಎದ್ದರು. ಒಂದು ಕೈ ಕೊರಳಿಗೆ ನೇತುಬಿದ್ದಿತ್ತು. ಹೆಂಗಸರ ನಡುವೆ ಕೂತಿದ್ದ ಅವರ ಹೆಂಡತಿ ತಲೆ ತಗ್ಗಿಸಿದರು.

"ಹಾಲಿಂದೇನೂ ತಪ್ಪಿಲ್ಲ" ಎಂದರು. "ನಂಗೆ ಫಿಟ್ಸ್ ಐತೆ. ಹುಡುಗ್ನಾಗಿದ್ದಾಗ್ಲಿಂದ್ಲೂ ಐತೆ. ಮೀಟಿಂಗು ಮೀಟಿಂಗು ಅಂತ ಹೋಯ್ತಿದ್ದದ್ದು ಆಸ್ಪತ್ರೇಗೆ. ಮಾತ್ರೆ ನುಂಗ್ತಾ ಇವ್ನಿ. ಮಾತ್ರೆ ಫಿಟ್ಸ್ ತಡೀತದೆ, ಜತೆಗೆ ಮೈಯಾಗಿರೋ ಡಿ ವಿಟಮಿನ್ನೂ ಕಮ್ಮಿ ಮಾಡ್ತದಂತೆ. ನೀವೆಲ್ಲ ಹಾಲ್ ತಂದ್ ಹಾಕ್ಬುಟ್ರಿ, ಕ್ಯಾನ್ ತುಂಬ್ತು, ಟ್ಯಾಂಕರೇ ಬರ್ನಿಲ್ಲ ಅನ್ಕಳಿ. ಹಾಲ್ ಡೈರೀಗ್ ಹೋಯ್ತದಾ? ಹೋಗಲ್ಲ. ನಾನ್ ಕುಡ್ದ ಹಾಲಿನ ಸತ್ವ ಮೂಳೇಗ್ ಹೋಗಕ್ಕೆ ಟ್ಯಾಂಕರ್ ಇರ್ನಿಲ್ಲ. ಅಷ್ಟೇಯ. ಅದುಕ್ಕೂ ಔಸ್ದಿ ಐತಂತೆ, ತಗತಾ ಇವ್ನಿ. ಯೋಳ್ದೆ ಮುಚ್ಚಿಟ್ಟಿದ್ದು ನಾನು. ಹಾಲುನ್ನ ಅನ್ಬ್ಯಾಡಿ."

ಟ್ಯಾಂಕರ್ ಬಾರದ ದಿನ ಏನಾಗುತ್ತದೆ ಎಂಬುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಕೇಳಿದ, "ಅಂಟ್ಕತದಾ ಸಾ ಅದು? ನೀವು ದಿನಾ ಹಾಲ್ ಮೂಸಿ ನೋಡ್ತಿದ್ರಲ್ಲ."

ದಿನವೂ ಎಲ್ಲರಿಗಿಂತ ಮೊದಲು ಹಾಲು ತರುವ ನಿಂಗಮ್ಮ ಎಂಬ ಮುದುಕಿ ಕೂತಲ್ಲಿಂದಲೇ ತಿರುಗಿದಳು. "ಅಂಟ್ಕಳಂಗಿದ್ರೆ ಮೊದ್ಲು ನಂಗೆ ಅಂಟ್ಕಬೇಕಿತ್ತು. ದಿನಾ ಮುಂದ್ಗಡೆ ನಿಲ್ಲೋಳು ನಾನು. ಕುಂತ್ಕೊ ಸುಮ್ಕೆ."

ಅವನು ಕೂತ. ಏಜೆಂಟನ ಭಾವನೂ ಕೂತ. ಅಧ್ಯಕ್ಷರು, ವಿಷಯವನ್ನು ಸಭೆ ಸರ್ವಾನುಮತದಿಂದ ಅಂಗೀಕರಿಸಿದೆ ಎಂದರು. ಯಾವ ವಿಷಯವನ್ನು ಎಂದು ಯಾರೂ ಕೇಳಲಿಲ್ಲ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದಲ್ಲ. ಬೈಕ್ ಮಾರಿದ್ದ ನಿರ್ದೇಶಕರು ತಮಗೆ ಮೋಸವಾಯಿತು ಎಂದು ತಿಂಗಳುಗಟ್ಟಲೆ ಮುನಿಸಿಕೊಂಡರು. ಸೆಕ್ರೆಟ್ರಿ ಗಾಂಧಿವಾದಿ ಅಲ್ಲ, ಬರೀ ರೋಗಿ ಎಂಬ ನಿರಾಶೆ ಇನ್ನೂ ಹಲವರಿಗಿತ್ತು. ಚನ್ನಪಟ್ಟಣದವರು ಫೋನ್ ಮಾಡಿ, ಪೂರ್ತಿ ಕೂಡಿದ್ದ ಜಾತಕವನ್ನು ಇನ್ನೊಬ್ಬರಿಗೆ ತೋರಿಸಿದೆವು, ಯಾಕೋ ಕೂಡುತ್ತಿಲ್ಲ ಎಂದರು. ಹೆಂಡತಿ ಎರಡು ದಿನ ಒಲೆ ಹಚ್ಚಲಿಲ್ಲ. ಹಾರೋಹಳ್ಳಿಯಿಂದ ಬಂದ ಮಗಳು ತಾನೇ ಅಡುಗೆ ಮಾಡಿ ಬಡಿಸಿ, "ಒಳ್ಳೇದೇ ಆಯ್ತು ಬುಡವ್ವ. ನಾಳೆ ನಾನ್ ಕಾಲ್ ಮುರ್ಕಂಡಿದ್ರೆ ಅವ್ರು ನನ್ ಜಾತ್ಕ ನೋಡ್ತಾ ಕುಂತಿರೋರು" ಎಂದಳಂತೆ. ಆಕೆಗೆ ಆಮೇಲೆ ಮದುವೆಯಾಯಿತು, ಎಲ್ಲವನ್ನೂ ಮೊದಲೇ ಹೇಳಿ.

ಮೂಳೆಯೂ ನಿಧಾನವಾಗಿ ಕೂಡಿತು. ಕೈಯ ಮೂಳೆ ಮೊದಲು, ಕಾಲಿನದು ಆಮೇಲೆ. ಸೆಕ್ರೆಟ್ರಿ ಸ್ವಲ್ಪ ಕುಂಟುತ್ತ ನಡೆಯತೊಡಗಿದ ದಿನ ಹುಣಸೆ ಮರದಡಿಯಿಂದ ಮೊದಲ ಕ್ಯಾನು ವಾಪಸ್ಸು ಬಂತು. ಆದರೂ ಮತ್ತೆ ಬಿದ್ದರೆ ಮತ್ತೆ ಮುರಿದೀತು ಎಂಬ ಹೆದರಿಕೆ ಅವರಿಗೆ ಹೋಗಲಿಲ್ಲ. ಒಂದು ಬೆಳಿಗ್ಗೆ, ಹಾಲು ಹಾಕಿದವರನ್ನೆಲ್ಲ ನಿಲ್ಲಿಸಿಕೊಂಡು, ಗೋಣಿತಾಟು ಹಾಸಿ ತಾವೇ ಅದರ ಮೇಲೆ ಮಲಗಿದರು. "ನಾನ್ ಬಿದ್ರೆ ಏನ್ ಮಾಡ್ಬೇಕು ನೋಡ್ಕಳಿ. ಅಮುಕಿ ಹಿಡೀಬ್ಯಾಡಿ. ಬಾಯಿಗೆ ಏನೂ ತುರುಕ್ಬ್ಯಾಡಿ. ಸುತ್ತ ಇರೋ ಕ್ಯಾನ್ ಎತ್ತಿ ಆಚೆ ಇಡಿ. ತಲೆ ಕೆಳ್ಗೆ ಏನಾರ ಮೆತ್ತುಗಿರೋದು ಇಡಿ, ಒಂದ್ ಮಗ್ಗುಲಿಗೆ ತಿರುಗ್ಸಿ, ಸುಮ್ಕೆ ಕಾಯಿರಿ. ಐದ್ ನಿಮಿಸ ಆದ್ರೂ ನಿಲ್ನಿಲ್ಲ ಅಂದ್ರೆ ಆಂಬುಲೆನ್ಸ್ ಕರೀರಿ." ಊರಿನವರು ಸರದಿಯ ಮೇಲೆ ಅವರನ್ನು ಮಗ್ಗುಲಿಗೆ ತಿರುಗಿಸಿ ಅಭ್ಯಾಸ ಮಾಡಿದರು. ನಿಂಗಮ್ಮ ಮಾತ್ರ, "ಕೈಗೆ ಬೀಗದ್ ಕೈ ಕೊಡ್ನಿಲ್ಲ ಅಂದ್ರೆ ಎಂಗೆ ನಿಲ್ತದೆ" ಎಂದು ವಾದಕ್ಕೆ ನಿಂತಳು. ಬೀಗದ ಕೈಯಿಂದ ಏನೂ ಆಗುವುದಿಲ್ಲ ಎಂದು ಸೆಕ್ರೆಟ್ರಿ ಮಲಗಿಕೊಂಡೇ ಎಷ್ಟು ಹೇಳಿದರೂ ಆಕೆ ಒಪ್ಪಲಿಲ್ಲ.

ಬಹಳ ದಿನ ಏನೂ ಆಗಲಿಲ್ಲ. ನಿವೃತ್ತಿಗೆ ಕೆಲವು ತಿಂಗಳ ಹಿಂದೆ, ಜ್ವರ ಬಂದು ನಿದ್ದೆಗೆಟ್ಟಿದ್ದರೂ ಅವರು ಬೆಳಿಗ್ಗೆ ಸಂಘಕ್ಕೆ ಬಂದರು. ನಾನು ಅಂದು ಆ ಕಡೆ ಹೋಗಿದ್ದೆ. ಬಾಗಿಲು ಇನ್ನೂ ತೆಗೆದಿರಲಿಲ್ಲ, ಸಾಲು ನಿಂತಿತ್ತು. ಅವರು ಮೆಟ್ಟಿಲ ಹತ್ತಿರ ಬಂದು ಒಮ್ಮೆ ನಿಂತರು, ಕಣ್ಣು ಮೇಲಾಯಿತು. ಮುಂದೆ ನಿಂತಿದ್ದವರು ಕೈ ಚಾಚಿ ಹಿಡಿದುಕೊಂಡು ಮೆಲ್ಲಗೆ ಇಳಿಸಿದರು. ಯಾರೋ ಕ್ಯಾನುಗಳನ್ನು ಎತ್ತಿ ದೂರ ಇಟ್ಟರು. ಯಾರೋ ಟವೆಲ್ ಮಡಿಸಿ ತಲೆಯ ಕೆಳಗೆ ಇಟ್ಟರು. ಮೈ ಅದುರುವುದು ನಿಂತ ಕೂಡಲೇ ಮಗ್ಗುಲಿಗೆ ತಿರುಗಿಸಿದರು. ಯಾರೂ ಕೂಗಾಡಲಿಲ್ಲ, ಸಾಲು ಕೂಡ ಕದಲಲಿಲ್ಲ. ನಿಂಗಮ್ಮ ಮಾತ್ರ ಅವರ ಶರಟಿನ ಜೇಬಿಗೆ ಕೈ ಹಾಕಿ, ಸಂಘದ ಬೀಗದ ಕೈ ತೆಗೆದು, ಅವರ ಅಂಗೈಗೆ ಇಟ್ಟು ಬೆರಳು ಮಡಚಿದಳು.

ಸ್ವಲ್ಪ ಹೊತ್ತಿಗೆ ಅವರು ಕಣ್ಣು ಬಿಟ್ಟರು. ಎಲ್ಲಿದ್ದೇನೆ ಎಂದು ತಿಳಿಯಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕೈಯಲ್ಲಿದ್ದುದನ್ನು ನೋಡಿದರು, ನಿಂಗಮ್ಮನನ್ನು ನೋಡಿದರು.

"ನಾನ್ ಯೋಳ್ನಿಲ್ವಾ" ಎಂದಳು ಆಕೆ.

"ಆಯ್ತು ಬುಡವ್ವ. ಎಂಗೂ ಬಾಗ್ಲು ತಗೀಬೇಕಿತ್ತು" ಎಂದರು.

ನಾನು ಅವರ ಕೈಕಾಲು ಒಂದೊಂದಾಗಿ ಮುಟ್ಟಿ ನೋಡಿದೆ. ಯಾವ ಮೂಳೆಯೂ ಮುರಿದಿರಲಿಲ್ಲ.